ಎಳೆಗೂಸಿನ ಬಟ್ಟೆ

ಹುಟ್ಟಿದಂದಿನಿಂದ ಸುಮಾರು ಮೂರು ವರ್ಷದವರೆಗಿನ ಮಕ್ಕಳ ಮೈಗೆ ನೇರವಾಗಿ ತಾಗುವ ಅಂಗಿ, ಜಬಲಾ, ಲಂಗೋಟಿ, ಕುಲಾವಿ, ಕಾಲುಚೀಲ, ಹಾಸು, ಹೊದಿಕೆಗಳಿಗೆ ಬಳಸುವ ನೇಯ್ದ ಅಥವಾ ಹೆಣೆದ ವಸ್ತ್ರ. ಇದನ್ನು ಕೊಳ್ಳುವಾಗ ಮನೆಮಂದಿ ಮೊದಲು ಕೇಳುವುದು ‘ಪ್ಯೂರ್ ಕಾಟನ್ನಾ?’ ಎಂದು. ಕೇಳಬೇಕಾದ್ದೇ. ಆದರೆ ಬಟ್ಟೆಯಿಂದ ಕೂಸುಗಳಿಗಾದ ಗಂಭೀರ ತೊಂದರೆಗಳನ್ನು ವೈದ್ಯಕೀಯ ದಾಖಲೆಗಳಲ್ಲಿ ಹುಡುಕುತ್ತ ಹೋದರೆ ನಾರಿನ ಜಾತಿ ಅಪರಾಧಿಯಾಗಿ ಸಿಗುವುದು ಅಪರೂಪ. ಆ ನಾರಿಗೆ ಆಮೇಲೆ ಸೇರಿಕೊಂಡ ಶಾಯಿ, ಬಣ್ಣ, ರಾಳ, ಒಗೆಯುವ ಪುಡಿ, ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆ ಇಂಥವೇ ಮತ್ತೆ ಮತ್ತೆ ಎದುರಾಗುತ್ತವೆ.

ಶಿಶುವಿನ ಚರ್ಮ

ಗರ್ಭದ ನೀರಿನಲ್ಲಿ ತಿಂಗಳುಗಟ್ಟಲೆ ಇದ್ದ ಚರ್ಮ ಹುಟ್ಟಿದ ಕ್ಷಣದಿಂದ ಒಣಗಾಳಿಗೆ ಒಗ್ಗಿಕೊಳ್ಳಬೇಕು. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಅಳೆದಾಗ ಚರ್ಮದ ಅತ್ಯಂತ ಹೊರಗಿನ ಒಣಪದರ ದೊಡ್ಡವರದಕ್ಕಿಂತ ಸುಮಾರು ಶೇ. 30ರಷ್ಟು ತೆಳುವಾಗಿ ಕಂಡಿದೆ. ಈ ಪದರ ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಕಳೆದುಕೊಳ್ಳುತ್ತದೆ. ದೊಡ್ಡವರ ಚರ್ಮದ ಮೇಲ್ಮೈ ತುಸು ಆಮ್ಲೀಯ. ಅದರ ಪಿಎಚ್ ಸಾಮಾನ್ಯವಾಗಿ 5ರ ಆಸುಪಾಸು. ಹುಟ್ಟಿದ ಕೂಸಿನದು ತಟಸ್ಥಕ್ಕೆ ಹತ್ತಿರವಿದ್ದು, ಮುಂದಿನ ಕೆಲವು ವಾರಗಳಲ್ಲಿ ಕೆಳಗಿಳಿಯುತ್ತದೆ. ಆ ಆಮ್ಲೀಯತೆ ಕೂಡಿಬರುವವರೆಗೆ ಚರ್ಮದ ತಡೆಗೋಡೆ ಪೂರ್ತಿ ಬಲವಾಗುವುದಿಲ್ಲ. ಸೋಪಿನ ಕ್ಷಾರ ಉಳಿದ ಬಟ್ಟೆ ಎಳೆಗೂಸಿಗೆ ಬೇಗ ಉರಿ ತರುವುದು ಇದರಿಂದಲೇ.

ಇದರ ಜೊತೆಗೆ ಒಂದು ಸರಳ ಲೆಕ್ಕವೂ ಇದೆ. 3 ಕೆಜಿ ತೂಕದ ಕೂಸಿನ ಮೈಚರ್ಮದ ವಿಸ್ತಾರ ಸುಮಾರು 0.2 ಚದರ ಮೀಟರ್. 70 ಕೆಜಿ ತೂಕದ ಆಳಿನದು ಸುಮಾರು 1.8. ತೂಕಕ್ಕೆ ಹೋಲಿಸಿದರೆ ಕೂಸಿಗೆ ದೊಡ್ಡವರ ಎರಡೂವರೆ ಪಟ್ಟು ಚರ್ಮ. ಚರ್ಮದ ಮೂಲಕ ಒಳಗಿಳಿಯಬಲ್ಲ ಯಾವುದೇ ವಸ್ತುವಿಗೆ ಅಷ್ಟು ಅಗಲವಾದ ಬಾಗಿಲು ತೆರೆದಿರುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಈ ಬಾಗಿಲಿಗೆ ಅಗುಳಿಯೇ ಇಲ್ಲವೆನ್ನಬಹುದು. ಬೆವರು ಗ್ರಂಥಿಗಳ ಸಂಖ್ಯೆ ಹುಟ್ಟುವಾಗಲೇ ಪೂರ್ತಿಯಾಗಿರುತ್ತದೆ, ಕೆಲಸ ಮಾತ್ರ ಇನ್ನೂ ಹದಕ್ಕೆ ಬಂದಿರುವುದಿಲ್ಲ. ನಾಳಗಳು ಸುಲಭವಾಗಿ ಕಟ್ಟಿಕೊಂಡು ಕತ್ತು, ಕಂಕುಳು, ಬೆನ್ನಿನಲ್ಲಿ ಬೆವರುಸಾಲೆ ಏಳುತ್ತದೆ.

ಕೆಲವು ಮಕ್ಕಳಲ್ಲಿ ತಡೆಗೋಡೆಯ ದೋಷ ಹುಟ್ಟಿನಿಂದಲೇ ಬರುತ್ತದೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿನ ದೋಷಕ್ಕೂ ಅಟೋಪಿಕ್ ಎಕ್ಸಿಮಾ (ಇಸಬು) ಎಂಬ ತುರಿಕೆಯ ಕಾಯಿಲೆಗೂ ಇರುವ ನಂಟು 2006ರಲ್ಲಿ ಸ್ಪಷ್ಟವಾಯಿತು. ಈ ಎಕ್ಸಿಮಾ ಕೂಸುಗಳಲ್ಲಿ ಕೆನ್ನೆ, ನೆತ್ತಿ, ಕೈಕಾಲುಗಳ ಹೊರಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಲಂಗೋಟಿಯ ಜಾಗ ಸದಾ ತೇವವಾಗಿರುವುದರಿಂದ ಅಲ್ಲಿಗೆ ಸಾಮಾನ್ಯವಾಗಿ ಬರುವುದಿಲ್ಲ. ಅಲ್ಲಿ ಕೆಂಪಾಗಿದ್ದರೆ ಕಾರಣ ಬೇರೆ ಎಂದು ವೈದ್ಯರು ಮೊದಲ ನೋಟಕ್ಕೇ ಊಹಿಸುತ್ತಾರೆ.

ನಾರುಗಳು

ಬಟ್ಟೆಯ ನಾರು ಗಾಳಿಯಿಂದ ಎಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಅದರ ಹಿತವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಶೇ. 65 ಆರ್ದ್ರತೆಯ ಗಾಳಿಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8ರಷ್ಟು ನೀರು ಹಿಡಿಯುತ್ತದೆ, ರೇಷ್ಮೆ ಸುಮಾರು 11, ನಾರಗಸೆ (ಲಿನನ್), ವಿಸ್ಕೋಸ್‌ಗಳು 12ರ ಆಸುಪಾಸು, ಉಣ್ಣೆ 16. ನೈಲಾನ್ ಬರೀ 4, ಅಕ್ರಿಲಿಕ್ 2ಕ್ಕೂ ಕಡಿಮೆ, ಪಾಲಿಯೆಸ್ಟರ್ 0.4. ಬೆಂಗಳೂರಿನ ಚಳಿಗೆ ‘ಉಲ್ಲನ್’ ಎಂದು ಕೊಳ್ಳುವ ಅಗ್ಗದ ಸ್ವೆಟರು, ಟೊಪ್ಪಿಗೆಗಳಲ್ಲಿ ಬಹುಪಾಲು ಅಕ್ರಿಲಿಕ್. ಅದು ಬೆಚ್ಚಗಿಡುತ್ತದೆ, ಬೆವರನ್ನು ಮಾತ್ರ ಹೀರುವುದಿಲ್ಲ. ಅಜ್ಜಿ ಕಡ್ಡಿ ಹಿಡಿದು ಹೆಣೆದದ್ದಾದರೂ ನೂಲಿನ ಉಂಡೆ ಅಕ್ರಿಲಿಕ್ಕಿನದೇ ಆಗಿದ್ದರೆ ಗುಣ ಬದಲಾಗದು. ಒಳಗೊಂದು ಹತ್ತಿ ಅಂಗಿ ಹಾಕಿ ಮೇಲೆ ತೊಡಿಸಿದರೆ ತೊಂದರೆಯಿಲ್ಲ.

ಹತ್ತಿಯ ಪ್ರತಿಷ್ಠೆಗೆ ಗಟ್ಟಿ ಕಾರಣಗಳಿವೆ. ಅದರ ನಾರು ಸಪೂರ, ಬಾಗುತ್ತದೆ, ಬೆವರು ಹೀರುತ್ತದೆ, ಕುದಿಸಿ ಒಗೆದರೂ ತಾಳುತ್ತದೆ. ಆದರೆ ಹತ್ತಿ ಹತ್ತಿಗೂ ವ್ಯತ್ಯಾಸವಿದೆ. ಎಳೆ ಉದ್ದವಾದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಕಡಿಮೆ, ಬಟ್ಟೆ ನುಣುಪು. ಧಾರವಾಡ ಸೀಮೆಯಲ್ಲಿ ಬಹುಕಾಲ ಬೆಳೆದ ಜಯಧರ್ ಗಿಡ್ಡ ಎಳೆಯ ದೇಸಿ ಹತ್ತಿ. ಅದರಿಂದ ದಪ್ಪ ನೂಲು ಬರುತ್ತದೆ. ಅದೇ ಧಾರವಾಡದ ಸಂಶೋಧನ ಕೇಂದ್ರದಿಂದ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 (ಜಯಲಕ್ಷ್ಮಿ) ಹೈಬ್ರಿಡ್‌ಗಳು ಬಂದವು. ಜಯಲಕ್ಷ್ಮಿಯ ಉದ್ದನೆಯ ಎಳೆ ಅತಿ ಸಪೂರ ನೂಲಿಗೆ ಹೇಳಿ ಮಾಡಿಸಿದ್ದು. ಮಗುವಿನ ಮಲ್‌ಮಲ್ ಮೆತ್ತಗಿರುವುದರ ಹಿಂದೆ ಇಂಥ ತಳಿ ಕೆಲಸವಿದೆ. ಕಂದು ಬಣ್ಣದಲ್ಲೇ ಅರಳುವ ಹತ್ತಿ ತಳಿಗಳ ಮೇಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೆಲಸ ಮಾಡಿದೆ. ಬಣ್ಣ ಹಾಕದೆಯೇ ಬಣ್ಣವಿರುವ ಬಟ್ಟೆ ಶಿಶುಗಳಿಗೆ ಒಪ್ಪುವಂಥದು, ಆದರೆ ಎಳೆ ಗಿಡ್ಡವಾಗಿರುವುದು ಅದರ ಕೊರತೆ.

ಸಾವಯವ ಹತ್ತಿಯ ಬಗ್ಗೆ ಒಂದು ಮಾತು. ಹೊಲದಲ್ಲಿ ಹೊಡೆದ ಕೀಟನಾಶಕದಲ್ಲಿ ಬಹುಪಾಲು ನೂಲು, ಬಟ್ಟೆಯನ್ನು ಕ್ಷಾರದಲ್ಲಿ ಕುದಿಸಿ ಬಿಳುಪು ಮಾಡುವ ಹಂತದಲ್ಲೇ ಹೋಗಿಬಿಡುತ್ತದೆ. ಸಾವಯವದ ಲಾಭ ಮುಖ್ಯವಾಗಿ ಬೆಳೆಗಾರನಿಗೆ, ಮಣ್ಣಿಗೆ. ಕೂಸಿನ ಚರ್ಮಕ್ಕೆ ಹೆಚ್ಚು ಮುಖ್ಯವಾದದ್ದು ಬಣ್ಣದ ಮನೆಯಲ್ಲಿ ಏನು ನಡೆಯಿತು ಎಂಬುದು.

‘ಬಿದಿರಿನ ಬಟ್ಟೆ’ ಎಂದು ಮಾರುವುದು ಹೆಚ್ಚಿನ ಸಂದರ್ಭದಲ್ಲಿ ವಿಸ್ಕೋಸ್ ರೇಯಾನ್. ಮರದ ಅಥವಾ ಬಿದಿರಿನ ತಿರುಳನ್ನು ಕ್ಷಾರ ಮತ್ತು ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಆಮ್ಲಕ್ಕೆ ಹಾಯಿಸಿ ಎಳೆ ತೆಗೆಯುತ್ತಾರೆ. ಕರ್ನಾಟಕಕ್ಕೆ ಈ ಉದ್ಯಮ ಹೊಸದಲ್ಲ: ಹರಿಹರದ ಹತ್ತಿರ ತುಂಗಭದ್ರೆಯ ದಡದ ಕುಮಾರಪಟ್ಟಣದ ಕಾರ್ಖಾನೆ 1970ರ ದಶಕದಿಂದಲೂ ಮರದಿಂದ ರೇಯಾನ್ ದರ್ಜೆಯ ತಿರುಳು ತಯಾರಿಸುತ್ತಿದೆ. ಆ ಎಳೆ ನುಣುಪಾಗಿದೆ, ಚೆನ್ನಾಗಿ ನೀರು ಹೀರುತ್ತದೆ, ಕೂಸಿಗೆ ಹಿತವೇ. ಸುಳ್ಳಿರುವುದು ಅದರ ಜಾಹೀರಾತಿನಲ್ಲಿ. ಬಿದಿರಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದ್ದರೂ ಇಷ್ಟೆಲ್ಲ ಕರಗಿ ಮರುಹುಟ್ಟು ಪಡೆದ ಎಳೆಯಲ್ಲಿ ಅದು ಉಳಿಯುವುದಿಲ್ಲ ಎಂದು ಅಮೆರಿಕದ ವ್ಯಾಪಾರ ಆಯೋಗ 2009ರಿಂದ ಮಾರಾಟಗಾರರ ಮೇಲೆ ಕ್ರಮ ಜರುಗಿಸಿದೆ.

ಉಣ್ಣೆಯ ವಿಷಯದಲ್ಲಿ ತಿಳಿವಳಿಕೆ ತಿರುವುಮುರುವಾಗಿದೆ. ಎಕ್ಸಿಮಾ ಇರುವ ಮಗುವಿಗೆ ಉಣ್ಣೆ ಮುಟ್ಟಿಸಬಾರದೆಂದು ಹಲವು ದಶಕ ಹೇಳಿಕೊಂಡು ಬಂದರು. ಉಣ್ಣೆ ಚುಚ್ಚುವುದು ಅಲರ್ಜಿಯಿಂದ ಅಲ್ಲ, ದಪ್ಪದಿಂದ ಎಂಬುದು ಆಮೇಲೆ ಸ್ಪಷ್ಟವಾಯಿತು. ಸುಮಾರು 30 ಮೈಕ್ರಾನಿಗಿಂತ ದಪ್ಪದ ಎಳೆಯ ತುದಿ ಬಾಗದೆ ಚರ್ಮಕ್ಕೆ ತಿವಿಯುತ್ತದೆ. ಅಂಥ ಎಳೆಗಳು ಶೇ. 5 ದಾಟಿದರೆ ಮೈ ಕೆರೆಯುತ್ತದೆ. ಅತಿ ಸಪೂರ ಮೆರಿನೋ 18 ಮೈಕ್ರಾನಿನ ಒಳಗೇ ಇರುತ್ತದೆ. ಮೆಲ್ಬರ್ನಿನಲ್ಲಿ ಮೂರು ವರ್ಷದೊಳಗಿನ, ಎಕ್ಸಿಮಾ ಇದ್ದ 39 ಮಕ್ಕಳಿಗೆ ಆರಾರು ವಾರ ಮೆರಿನೋ ಮತ್ತು ಹತ್ತಿಯನ್ನು ಅದಲುಬದಲು ಮಾಡಿ ತೊಡಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೆರಿನೋ ತೊಟ್ಟಾಗ ಕಾಯಿಲೆ ತಗ್ಗಿತ್ತು. ನಮ್ಮ ಕುರುಬರ ಕಂಬಳಿಯ ಡೆಕ್ಕನಿ ಕುರಿಯ ಉಣ್ಣೆ ಇದಕ್ಕೆ ಪೂರಾ ವಿರುದ್ಧ ತುದಿಯಲ್ಲಿದೆ. ಒರಟು ಎಳೆ, ಮೇಲೆ ಹುಣಸೆಬೀಜದ ಗಂಜಿ. ಮಳೆಗೆ, ಹೊಲಕ್ಕೆ ಅದಕ್ಕೆ ಸಾಟಿಯಿಲ್ಲ. ಕೂಸಿನ ಮೈಗೆ ನೇರವಾಗಿ ಸಲ್ಲದು, ಹಾಸಿಗೆಯ ಕೆಳಗೆ ಹಾಸಬಹುದು.

ರೇಷ್ಮೆಯ ಕತೆ ಇನ್ನೊಂದು ಬಗೆಯದು. ಅಂಟು ತೆಗೆದ ರೇಷ್ಮೆ ನುಣುಪು, ಅದರಿಂದ ಎಕ್ಸಿಮಾ ತಗ್ಗೀತು ಎಂಬ ನಂಬಿಕೆಯ ಮೇಲೆ ಐರೋಪ್ಯ ಮಾರುಕಟ್ಟೆಯಲ್ಲಿ ದುಬಾರಿ ಒಳಉಡುಪುಗಳು ಬಂದವು. ಬ್ರಿಟನ್ನಿನಲ್ಲಿ 1ರಿಂದ 15 ವರ್ಷದ 300 ಮಕ್ಕಳ ಮೇಲೆ ನಡೆದು 2017ರಲ್ಲೇ ಪ್ರಕಟವಾದ ಪರೀಕ್ಷೆಯಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಅವನ್ನು ತೊಡಿಸಿದರೂ ಹೆಚ್ಚಿನ ಗುಣವೇನೂ ಕಾಣಲಿಲ್ಲ. ದೇಶದ ರೇಷ್ಮೆಯಲ್ಲಿ ದೊಡ್ಡ ಪಾಲು ಬೆಳೆಯುವ ಕರ್ನಾಟಕದಲ್ಲಿ ನಾಮಕರಣದ ದಿನ ಕೂಸಿಗೆ ರೇಷ್ಮೆ ತೊಡಿಸುವ ಆಸೆ ಸಹಜ. ತೊಂದರೆ ರೇಷ್ಮೆಯದಕ್ಕಿಂತ ಜರಿಯದು. ಅಂಚಿನ ಲೋಹದ ಎಳೆ ಕತ್ತಿನ ಮಡಿಕೆಯಲ್ಲಿ ತರಚುತ್ತದೆ.

ನೇಯ್ಗೆ, ಹೆಣಿಗೆ, ಹೊಲಿಗೆ

ಹಾಸು ಹೊಕ್ಕಿನ ನೇಯ್ಗೆಯಲ್ಲಿ ಎಳೆಗಳ ನಡುವೆ ಸಂದು ಬಿಟ್ಟಷ್ಟೂ ಗಾಳಿಯಾಡುತ್ತದೆ. ಮಲ್‌ಮಲ್‌ನ ಗುಟ್ಟು ಅದು. ಬನಿಯನ್ ಬಟ್ಟೆ ಎನ್ನುವ ಹೆಣಿಗೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ತಲೆ ತೂರಿಸಲು ಸಲೀಸು. ಅದರಲ್ಲಿ ಇಂಟರ್‌ಲಾಕ್ ಎಂಬ ಬಗೆ ಎರಡೂ ಬದಿ ನುಣುಪಾಗಿದ್ದು ಅಂಚು ಸುರುಳಿಕೊಳ್ಳುವುದಿಲ್ಲವಾದ್ದರಿಂದ ಶಿಶು ಉಡುಪಿಗೆ ಹೆಚ್ಚು ಬಳಕೆಯಲ್ಲಿದೆ. ಈ ಬಟ್ಟೆಯ ದೊಡ್ಡ ಕೇಂದ್ರ ತಮಿಳುನಾಡಿನ ತಿರುಪ್ಪೂರು.

ಒಳ್ಳೆಯ ಬಟ್ಟೆಯನ್ನೂ ಕೆಟ್ಟ ಹೊಲಿಗೆ ಹಾಳುಮಾಡುತ್ತದೆ. ಹೊಲಿಗೆಯ ಗಂಟು, ಲೇಬಲ್ಲು, ಕಸೂತಿಯ ಹಿಂಬದಿಯ ಎಳೆಗಳು ಕೂಸಿನ ಮೈಗೇ ತಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಕೂಸಿನ ಕುಂಚಿಗೆಯ ಮೇಲೆ ಹಾಕುತ್ತಿದ್ದ ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ. ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ತೆರನಾಗಿ ಕಾಣುತ್ತದೆ. ಈಗಿನ ಯಂತ್ರ ಕಸೂತಿಯ ಹಿಂಬದಿಗೆ ಅಂಟಿಸುವ ಒರಟು ಪಟ್ಟಿಗಿಂತ ಅದು ಎಷ್ಟೋ ಮೇಲು. ಕಾಲುಚೀಲ, ಕೈಚೀಲಗಳನ್ನು ತೊಡಿಸುವ ಮುನ್ನ ಒಳಮಗ್ಗುಲು ತಿರುಗಿಸಿ ನೋಡಬೇಕು. ಬಿಡಿ ನೂಲೋ ತಾಯಿಯ ಉದುರುಕೂದಲೋ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಂತ ಪ್ರಕರಣಗಳು ವೈದ್ಯರಿಗೆ ಚೆನ್ನಾಗಿ ಪರಿಚಿತ. ಕೂಸು ಕಾರಣವಿಲ್ಲದೆ ಚೀರುತ್ತಿದ್ದರೆ ಅನುಭವಿಗಳು ಕಾಲ್ಬೆರಳು ನೋಡುವುದು ಇದಕ್ಕೇ. ಲೋಹದ ಟಿಚ್‌ಬಟನ್ನುಗಳಿಂದ ನಿಕಲ್ ಅಲರ್ಜಿ ಬರಬಹುದು; ಹೊಕ್ಕುಳ ಸುತ್ತ ದುಂಡಗೆ ಕೆಂಪಾದರೆ ಅದರ ಅನುಮಾನ ಪಡಬೇಕು. ಬಿಗಿ ಇಲಾಸ್ಟಿಕ್ಕು ಸೊಂಟದಲ್ಲಿ, ತೊಡೆಸಂದಿನಲ್ಲಿ ಬಾಸುಂಡೆ ಮೂಡಿಸುತ್ತದೆ.

ಕೂಸನ್ನು ಬಟ್ಟೆಯಲ್ಲಿ ಬಿಗಿದು ಸುತ್ತುವ ಪದ್ಧತಿಯ ವಿರುದ್ಧ ಯುರೋಪಿನಲ್ಲಿ 18ನೇ ಶತಮಾನದಲ್ಲೇ ದನಿಯೆದ್ದಿತು. ಬ್ರಿಟಿಷ್ ವೈದ್ಯ ವಿಲಿಯಂ ಕ್ಯಾಡೊಗನ್ 1748ರ ತನ್ನ ಪ್ರಬಂಧದಲ್ಲಿ, ರೂಸೋ 1762ರ ‘ಎಮಿಲ್’ನಲ್ಲಿ ಅದನ್ನು ಖಂಡಿಸಿದರು. ಈಗಿನ ಮಕ್ಕಳ ತಜ್ಞರು ಸುತ್ತುವುದನ್ನು ಪೂರ್ತಿ ಬೇಡವೆನ್ನುವುದಿಲ್ಲ. ಕಾಲುಗಳನ್ನು ನೇರ ಮಾಡಿ ಬಿಗಿದರೆ ಸೊಂಟದ ಕೀಲು ಜಾರೀತು, ಆದ್ದರಿಂದ ಮೊಣಕಾಲು ಮಡಿಸಿ ಒದೆಯಲು ಜಾಗವಿರಲಿ, ಮಗುಚಲು ಹವಣಿಸಿದ ದಿನದಿಂದ ಸುತ್ತುವುದು ನಿಲ್ಲಲಿ, ಅಂಗಾತವೇ ಮಲಗಿಸಿ ಎನ್ನುತ್ತಾರೆ.

ಬಟ್ಟೆಗೆ ಸೇರಿಕೊಂಡ ವಿಷಗಳು

1886ರಲ್ಲಿ ರೇನರ್ ಎಂಬ ಬ್ರಿಟಿಷ್ ವೈದ್ಯ ಆಸ್ಪತ್ರೆಯ ನವಜಾತ ಶಿಶುಗಳು ಒಮ್ಮೆಲೇ ನೀಲಿಗಟ್ಟಿದ್ದನ್ನು ವರದಿ ಮಾಡಿದ. ಲಂಗೋಟಿಗಳ ಮೇಲೆ ಗುರುತಿಗೆಂದು ಒತ್ತಿದ್ದ ಅನಿಲೀನ್ ಶಾಯಿ ತೇವಕ್ಕೆ ಕರಗಿ ಚರ್ಮದ ಮೂಲಕ ರಕ್ತ ಸೇರಿತ್ತು. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕೆಲಸಕ್ಕೆ ಬಾರದಂತಾಗಿತ್ತು. ಮುಂದೆ ಹಲವು ದೇಶಗಳಲ್ಲಿ ಇದೇ ಮರುಕಳಿಸಿತು. ಗುರುತು ಹಾಕಿದ ಬಟ್ಟೆಯನ್ನು ಮೊದಲು ಕುದಿಸಿ ಒಗೆದಿದ್ದರೆ ಶಾಯಿ ಗಟ್ಟಿಯಾಗಿ ಕೂತು ತೊಂದರೆ ಆಗುತ್ತಿರಲಿಲ್ಲ.

ನಮ್ಮಲ್ಲಿ ಗುರುತಿನ ಶಾಯಿ ಕರಿಗೇರಿನದು. ಅಗಸರು ಅದರ ಕಾಯಿಯ ರಸದಿಂದ ಬಟ್ಟೆಯ ಮೂಲೆಯಲ್ಲಿ ಹಾಕುತ್ತಿದ್ದ ಅಳಿಯದ ಗುರುತು, ಸೂಕ್ಷ್ಮ ಚರ್ಮದವರ ಕತ್ತಿನ ಹಿಂದೆ ಗುಳ್ಳೆ ಎಬ್ಬಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಇದು ಹಬ್ಬಿದಾಗ ಅವರ ವೈದ್ಯರು ಕಾರಣ ಹುಡುಕಿ ಬರೆದರು. ಕರಿಗೇರು ಮೈಗೆ ತಾಗಿದರೆ ಏನು ಮಾಡುತ್ತದೆಂಬುದು ಮಲೆನಾಡಿನವರಿಗೆ ಅದಕ್ಕೆ ಮೊದಲೇ ಗೊತ್ತಿತ್ತು.

ಅತ್ಯಂತ ದಾರುಣವಾದದ್ದು 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆಯಿತು. ಒಂದು ಚಿಕ್ಕ ಆಸ್ಪತ್ರೆಯ ಶಿಶುಗಳು ವಿಪರೀತ ಬೆವರಿ, ಜ್ವರದಿಂದ ಏದುಸಿರು ಬಿಡತೊಡಗಿದವು. ಒಂಬತ್ತು ಕೂಸುಗಳಲ್ಲಿ ಎರಡು ತೀರಿಕೊಂಡವು. ಒಗೆಯುವ ಮನೆಯಲ್ಲಿ ಬೂಸಲು ಹಿಡಿಯದಿರಲೆಂದು ಕೊನೆಯ ಜಾಲಾಟಕ್ಕೆ ಹಾಕುತ್ತಿದ್ದ ಪುಡಿಯಲ್ಲಿ ಪೆಂಟಾಕ್ಲೋರೋಫೆನಾಲ್ ಇತ್ತು, ಅದೂ ಹೇಳಿದ್ದಕ್ಕಿಂತ ಹೆಚ್ಚು ಪ್ರಮಾಣದಲ್ಲಿ. ಲಂಗೋಟಿ, ಹಾಸುಗಳಲ್ಲಿ ಉಳಿದದ್ದು ಚರ್ಮದಿಂದ ಇಳಿದಿತ್ತು. ಹತ್ತಿ ಶುದ್ಧವಾಗಿಯೇ ಇತ್ತು.

ನಾಲ್ಕನೆಯದು ಇವತ್ತಿಗೂ ನಮ್ಮ ಮನೆಗಳಲ್ಲಿರುವ ಅಪಾಯ. ಮೊದಲ ಮಗುವಿನ ಅಂಗಿ, ಸ್ವೆಟರು, ದುಪಟಿಗಳನ್ನು ಟ್ರಂಕಿನಲ್ಲಿ ನುಸಿಗುಳಿಗೆ (ಡಾಂಬರು ಗುಳಿಗೆ) ಹಾಕಿ ಎತ್ತಿಟ್ಟು ಎರಡನೆಯದಕ್ಕೆ ಹೊರತೆಗೆಯುವುದು ಸಾಮಾನ್ಯ. ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಹಬೆಯಾಗಿ ಬಟ್ಟೆಯಲ್ಲಿ ಕೂರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಾಮಾಲೆ ಏರಿ ಮೆದುಳಿಗೆ ಹಾನಿಯಾಗಬಲ್ಲದು. ಗ್ರೀಸ್‌ನ ವೈದ್ಯರು 1963ರಲ್ಲಿ ಇಂಥ ಪ್ರಕರಣಗಳ ಸರಣಿಯನ್ನೇ ವರದಿ ಮಾಡಿದರು. ಈ ಕೊರತೆ ಭಾರತದಲ್ಲೂ ಇದೆ, ಹೆಚ್ಚಿನ ಮನೆಗಳಿಗೆ ತಮ್ಮ ಮಗುವಿಗೆ ಇದೆಯೋ ಇಲ್ಲವೋ ತಿಳಿದಿರುವುದಿಲ್ಲ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವಂಥದು. ದಿನಾ ಎಣ್ಣೆ ತೀಡಿ ನೀರೆರೆಯುವ ಮನೆಗಳಲ್ಲಿ ಇದನ್ನು ಇನ್ನಷ್ಟು ನೆನಪಿಡಬೇಕು. ಕೂಸಿನ ಬಟ್ಟೆಯ ಪೆಟ್ಟಿಗೆಗೆ ಆ ಗುಳಿಗೆ ಹಾಕದಿರುವುದೇ ಸರಿ. ಹಾಕಿಟ್ಟದ್ದನ್ನು ಒಗೆದು, ವಾಸನೆ ಪೂರಾ ಹೋಗುವವರೆಗೆ ದಿನಗಟ್ಟಲೆ ಬಿಸಿಲು ಗಾಳಿಗೆ ಹರವಬೇಕು.

ಬಣ್ಣಗಳಲ್ಲಿ ಅಲರ್ಜಿಗೆ ಹೆಚ್ಚು ಕುಖ್ಯಾತಿ ಪಡೆದವು ಡಿಸ್ಪರ್ಸ್ ಬಣ್ಣಗಳು. ಅದರಲ್ಲೂ ಡಿಸ್ಪರ್ಸ್ ಬ್ಲೂ 106 ಮತ್ತು 124. ಇವು ಹತ್ತಿಗೆ ಹತ್ತುವುದಿಲ್ಲ, ಪಾಲಿಯೆಸ್ಟರ್ ಮತ್ತು ಅಸಿಟೇಟ್ ಬಟ್ಟೆಗೆ ಹಾಕುವಂಥವು. ಸಿಂಥೆಟಿಕ್ ಬಟ್ಟೆ ಮೈಗೆ ಆಗುವುದಿಲ್ಲ ಎಂಬ ಮಾತಿನ ಹಿಂದೆ ನಾರಿಗಿಂತ ಈ ಬಣ್ಣಗಳೇ ಇರುವುದುಂಟು. ಕ್ಯಾನ್ಸರ್‌ಕಾರಕ ಅಮೀನುಗಳನ್ನು ಬಿಡುವ ಆಜೋ ಬಣ್ಣಗಳನ್ನು ಜರ್ಮನಿ ನಿಷೇಧಿಸಿದ ಮೇಲೆ ಭಾರತವೂ 1990ರ ದಶಕದಲ್ಲಿ ಒಟ್ಟು 112 ಬಣ್ಣಗಳಿಗೆ ತಡೆಹಾಕಿತು. ‘ನೈಸರ್ಗಿಕ ಬಣ್ಣ’ ಎಂದ ಮಾತ್ರಕ್ಕೆ ನಿಶ್ಚಿಂತೆಯಾಗಿರಲು ಬರುವುದಿಲ್ಲ. ಬಣ್ಣ ಕಚ್ಚಲು ಪಟಿಕ (ಆಲಂ) ಬಳಸಿದ್ದರೆ ಚಿಂತೆಯಿಲ್ಲ, ತಾಮ್ರ, ಕ್ರೋಮಿಯಂ ಲವಣ ಬಳಸಿದ್ದರೆ ಅದು ಬೇರೆ ಮಾತು.

ಇಸ್ತ್ರಿ ಬೇಡದ, ಸುಕ್ಕುಗಟ್ಟದ ಹತ್ತಿ ಬಟ್ಟೆಯ ಮೇಲಿರುವುದು ಫಾರ್ಮಾಲ್ಡಿಹೈಡ್ ಬಿಡಬಲ್ಲ ರಾಳ. ಜಪಾನ್ 1973ರ ಕಾನೂನಿನಲ್ಲಿ 24 ತಿಂಗಳೊಳಗಿನ ಕೂಸುಗಳ ಬಟ್ಟೆಯಲ್ಲಿ ಇದು ಪತ್ತೆಯಾಗುವಷ್ಟೂ ಇರಬಾರದೆಂದು ವಿಧಿಸಿತು. ಕೂಸಿನ ಅಂಗಿ ಸುಕ್ಕಾದರೆ ಯಾರಿಗೂ ನಷ್ಟವಿಲ್ಲ.

ಬೆಂಕಿ ಮತ್ತು ಬಟ್ಟೆ

ಹತ್ತಿಯ ದೌರ್ಬಲ್ಯ ಬೆಂಕಿ. ಮೇಲ್ಮೈಯ ನವಿರು ಎಬ್ಬಿಸಿದ ಹತ್ತಿ ಫ್ಲಾನಲ್ಲಂತೂ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 20ನೇ ಶತಮಾನದ ಆರಂಭದಲ್ಲಿ ಇದರಿಂದ ಮಕ್ಕಳ ಸಾವು ಹೆಚ್ಚಿದಾಗ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ (ಕಿರಿಯ) ತವರದ ಲವಣದಿಂದ ಬೆಂಕಿ ತಡೆಯುವ ಬಟ್ಟೆ ರೂಪಿಸಿದ. ಅಮೆರಿಕ 1970ರ ದಶಕದ ಆರಂಭದಲ್ಲಿ ಮಕ್ಕಳ ರಾತ್ರಿಯುಡುಪು ಹೊತ್ತಿಕೊಳ್ಳದಂತಿರಬೇಕೆಂದು ಕಡ್ಡಾಯ ಮಾಡಿತು. ಅದಕ್ಕಾಗಿ ಪಾಲಿಯೆಸ್ಟರಿಗೆ ಟ್ರಿಸ್ ಎಂಬ ರಾಸಾಯನಿಕ ಹಾಕಿದರು. ಅದು ಜೀನುಗಳಿಗೆ ಹಾನಿ ಮಾಡುತ್ತದೆಂದು ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ 1977ರಲ್ಲಿ ಎಚ್ಚರಿಸಿದರು, ಅದೇ ವರ್ಷ ಮಕ್ಕಳ ಉಡುಪಿನಲ್ಲಿ ಅದಕ್ಕೆ ನಿಷೇಧ ಬಿತ್ತು. ಒಂದು ಅಪಾಯ ತಪ್ಪಿಸಲು ಇನ್ನೊಂದನ್ನು ಮೈಗೆ ಹಚ್ಚಿದ ಈ ಪ್ರಸಂಗದ ನಂತರ 1996ರಲ್ಲಿ ನಿಯಮ ಸಡಿಲವಾಗಿ, ಒಂಬತ್ತು ತಿಂಗಳೊಳಗಿನ ಕೂಸಿನ ಉಡುಪಿಗೂ ಮೈಗೆ ಅಂಟಿಕೂರುವ ಬಟ್ಟೆಗೂ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ನೀರೆರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂಸಿಗೂ ಬಟ್ಟೆಗೂ ಹೊಗೆ ಹಿಡಿಯುವಾಗ ಸಡಿಲ ಹತ್ತಿ ಬಟ್ಟೆ ಕೆಂಡಕ್ಕೆ ಹತ್ತಿರವಿರುತ್ತದೆ. ಹೊಗೆ ಎಳೆಯ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಹಳೆಯ ಸೀರೆಯ ಶಾಸ್ತ್ರ

ಕರ್ನಾಟಕದ ಬಹಳ ಮನೆಗಳಲ್ಲಿ ಕೂಸಿನ ಮೊದಲ ಬಟ್ಟೆ ಅಜ್ಜಿಯ ಹಳೆ ಹತ್ತಿ ಸೀರೆಯ ತುಂಡು ಅಥವಾ ಅಜ್ಜನ ಪಂಚೆಯದು. ಹೊಸ ಬಟ್ಟೆ ತೊಡಿಸುವುದು ನಾಮಕರಣಕ್ಕೆ. ದೃಷ್ಟಿಯ ಮಾತು, ಹಿರಿಯರ ಆಶೀರ್ವಾದದ ಮಾತು ಇದಕ್ಕೆ ಸುತ್ತಿಕೊಂಡಿದ್ದರೂ ಪದ್ಧತಿಯ ಒಳಗೊಂದು ಗಟ್ಟಿ ತರ್ಕವಿದೆ. ಮಗ್ಗದಲ್ಲಿ ಹಾಸುನೂಲಿಗೆ ಹಾಕಿದ ಗಂಜಿ, ಅಂಟಿಕೊಳ್ಳದೆ ಉಳಿದ ಬಣ್ಣ, ನೂಲಿನ ಬಿಗಿ ಹುರಿ ಇವೆಲ್ಲ ನೂರಾರು ಒಗೆತದಲ್ಲಿ ಹೋಗಿರುತ್ತವೆ. ಸವೆದ ಎಳೆಗಳು ಸಪೂರವಾಗಿ ಬಾಗುತ್ತವೆ. ಹೊಸ ಬಟ್ಟೆಗೆ ಕಾರ್ಖಾನೆ ಕಿಣ್ವ ಹಾಕಿ ಮಾಡುವ ಗಂಜಿ ತೆಗೆಯುವ, ಮೆತ್ತಗೆ ಮಾಡುವ ಕೆಲಸವನ್ನೆಲ್ಲ ಇಲ್ಲಿ ವರ್ಷಗಳ ಬಳಕೆ ಮಾಡಿದೆ. ಇಳಕಲ್ ಸೀರೆಯ ಒಡಲು ಹತ್ತಿಯದಾದರೆ ಆದೀತು. ಸೆರಗು, ದಡಿಯ ಕೃತಕ ರೇಷ್ಮೆಯ ಭಾಗ ಕತ್ತರಿಸಿ ಬಿಡಬೇಕು. ಸಿಂಥೆಟಿಕ್ ಸೀರೆ ಎಷ್ಟು ಹಳತಾದರೂ ಪ್ರಯೋಜನವಿಲ್ಲ. ಅದು ಸವೆಯುತ್ತದೆಯೇ ಹೊರತು ಹೀರಲು ಕಲಿಯುವುದಿಲ್ಲ. ಈಗಿನ ಅನೇಕ ಮನೆಗಳಲ್ಲಿ ಹಳೆ ಸೀರೆ ಎಂದರೆ ಇಂಥದೇ ಸಿಗುವುದು ಈ ಪದ್ಧತಿಗೆ ಬಂದ ನಿಜವಾದ ತೊಡಕು.

ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಕೂಸಿನ ಹಾಸಿಗೆಯಾಗಿ ಚೆನ್ನ. ಮೈಮೇಲೆ ಹೊದಿಸಲು ಭಾರ. ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆಗೆ ಒಳಗೆ ಮೆತ್ತನೆಯ ಬಿಳಿಬಟ್ಟೆಯ ಅಸ್ತರು ಕೊಡುವುದು ಆ ನೇಯ್ಗೆಯ ಒರಟುತನ ಕೆನ್ನೆಗೆ ತಾಗದಿರಲೆಂದು.

ಲಂಗೋಟಿಯ ಜಾಗ

ಇಲ್ಲಿ ಹತ್ತಿಯ ಗುಣವೇ ದೋಷವಾಗುತ್ತದೆ. ಹೀರಿದ ಮೂತ್ರವನ್ನು ಅದು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಕೆಂಪಾಗಲು ಮೂತ್ರದ ಅಮೋನಿಯಾ ನೇರವಾಗಿ ಸುಡುವುದೇ ಕಾರಣ ಎಂದು 1921ರ ಹೊತ್ತಿಗೆ ನಂಬಿದ್ದರು. 1980ರ ದಶಕದ ಪ್ರಯೋಗಗಳು ಬೇರೆ ಚಿತ್ರ ಕೊಟ್ಟವು. ಅಮೋನಿಯಾ ಚರ್ಮದ ಪಿಎಚ್ ಏರಿಸುತ್ತದೆ, ಏರಿದ ಪಿಎಚ್‌ನಲ್ಲಿ ಮಲದಲ್ಲಿರುವ ಪ್ರೋಟೀನು, ಕೊಬ್ಬು ಜೀರ್ಣಿಸುವ ಕಿಣ್ವಗಳು ಚುರುಕಾಗುತ್ತವೆ, ಒದ್ದೆಯಾಗಿ ಮೆತ್ತಗಾದ ಚರ್ಮವನ್ನು ಅವು ಕೆಡಿಸುತ್ತವೆ. ಮಲ ಮೂತ್ರ ಎರಡೂ ಕೂಡಿ ನಿಂತಾಗಲೇ ಹೆಚ್ಚು ಹಾನಿ. ಬಳಸಿ ಎಸೆಯುವ ಡೈಪರಿನಲ್ಲಿರುವ ಸೋಡಿಯಂ ಪಾಲಿಅಕ್ರಿಲೇಟ್ ನೀರನ್ನು ಜೆಲ್ ಮಾಡಿ ಹಿಡಿದುಬಿಡುವುದರಿಂದ ಮೇಲ್ಮೈ ಒಣಗಿರುತ್ತದೆ. ಚರ್ಮದ ಮಟ್ಟಿಗೆ ಅದು ಬಟ್ಟೆಯ ಲಂಗೋಟಿಗಿಂತ ಮೇಲೆಂದು ಒಪ್ಪಬೇಕಾಗುತ್ತದೆ. ಕಸದ ರಾಶಿಯ ಮಟ್ಟಿಗೆ ಅಲ್ಲ. ಒದ್ದೆಯಾದ ತಕ್ಷಣ ಬದಲಿಸಲು ಮನೆಯಲ್ಲಿ ಕೈಗಳಿದ್ದರೆ ಬಟ್ಟೆಯ ಲಂಗೋಟಿ ಸಾಕು, ಇಲ್ಲದಿದ್ದರೆ ಡೈಪರು. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕುವುದು ಎರಡರ ಕೆಡುಕನ್ನೂ ಒಟ್ಟಿಗೆ ತರುತ್ತದೆ.

ಒಗೆತ

ಹೊಸ ಬಟ್ಟೆಯನ್ನು ತೊಡಿಸುವ ಮೊದಲು ಒಗೆಯಲೇಬೇಕು. ಬಿಡಿ ಬಣ್ಣ, ಗಂಜಿ, ಸಡಿಲ ಫಾರ್ಮಾಲ್ಡಿಹೈಡ್ ಮೂರೂ ನೀರಿನಲ್ಲಿ ಹೋಗುತ್ತವೆ. ಆಮೇಲಿನ ಸಮಸ್ಯೆ ನೀರಿನದು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿಗೆ ಸೋಪು ಹಾಕಿದರೆ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡು ಗಸಿಯಾಗಿ ನೂಲಿನಲ್ಲಿ ಕೂರುತ್ತದೆ. ಬಟ್ಟೆ ಬೂದಿಬಣ್ಣಕ್ಕೆ ತಿರುಗಿ ಬಿರುಸಾಗುತ್ತದೆ, ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಇಂಥ ಕಡೆ ಸೋಪಿಗಿಂತ ವಾಸನೆಯಿಲ್ಲದ ಸೌಮ್ಯ ಡಿಟರ್ಜೆಂಟು ಒಳ್ಳೆಯದು. ಕಾದಿಟ್ಟ ಮಳೆನೀರಿದ್ದರೆ ಇನ್ನೂ ಒಳ್ಳೆಯದು. ಅಂಟುವಾಳದ ನೊರೆ ಗಡಸು ನೀರಲ್ಲೂ ಗಸಿ ಕಟ್ಟುವುದಿಲ್ಲ, ಆದರೆ ಮಲದ ಕಲೆಗೆ ಅದರ ಬಲ ಸಾಲದು. ಬಟ್ಟೆ ಮೃದು ಮಾಡುವ ಸುವಾಸನೆಯ ದ್ರವಗಳು ನೂಲಿನ ಮೇಲೆ ಮೇಣದಂಥ ಪದರ ಬಿಡುವುದರಿಂದ ಲಂಗೋಟಿ, ಟವೆಲ್ಲುಗಳಿಗೆ ಅವು ಶತ್ರು. ಕೊನೆಯ ಜಾಲಾಟಕ್ಕೆ ಆಂಟಿಸೆಪ್ಟಿಕ್ ದ್ರವ ಸುರಿಯುವ ಅಭ್ಯಾಸ ನಮ್ಮ ಬಾಣಂತಿ ಮನೆಗಳಲ್ಲಿ ವ್ಯಾಪಕವಾಗಿದೆ. ಬಟ್ಟೆಯಲ್ಲಿ ಉಳಿದ ಅದು ಮಡಿಕೆಗಳಲ್ಲಿ ಉರಿ ತರುತ್ತದೆ, ಸೇಂಟ್ ಲೂಯಿಸ್‌ನದೂ ಕೊನೆಯ ಜಾಲಾಟದ ಪುಡಿಯೇ ಆಗಿತ್ತು. ಬಿಸಿನೀರು, ಇನ್ನೊಂದು ಜಾಲಾಟ, ಬಿಸಿಲು ಇವಿಷ್ಟು ಸಾಕು.

ಗುರುತು ಮತ್ತು ಪರೀಕ್ಷೆ

1992ರಲ್ಲಿ ಆಸ್ಟ್ರಿಯಾ ಮತ್ತು ಜರ್ಮನಿಯ ಸಂಸ್ಥೆಗಳು ಆರಂಭಿಸಿದ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100ರಲ್ಲಿ ಮೂರು ವರ್ಷದೊಳಗಿನವರ ಬಟ್ಟೆಗೆ ಮೊದಲ ವರ್ಗ ಮೀಸಲು. ಅಲ್ಲಿ ಫಾರ್ಮಾಲ್ಡಿಹೈಡ್ ಕೆಜಿಗೆ 16 ಮಿಲಿಗ್ರಾಂ ಮೀರಬಾರದು (ದೊಡ್ಡವರ ಒಳಉಡುಪಿಗೆ 75), ಪಿಎಚ್ 4ರಿಂದ 7.5ರ ಒಳಗಿರಬೇಕು, ಕೂಸು ಚೀಪಿದರೆ ಜೊಲ್ಲಿಗೆ ಬಣ್ಣ ಬಿಡಬಾರದು. ಜಿಒಟಿಎಸ್ ಎಂಬ ಸಾವಯವ ಗುರುತಿನಲ್ಲಿ ಎರಡು ದರ್ಜೆ: ಸಾವಯವ ನಾರು ಶೇ. 95 ಇದ್ದದ್ದು ಮತ್ತು ಕನಿಷ್ಠ ಶೇ. 70 ಇದ್ದದ್ದು, ಬಳಸುವ ಬಣ್ಣಕ್ಕೂ ಅದು ಮಿತಿ ಹಾಕುತ್ತದೆ. ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್, ಖಾದಿ ಮಾರ್ಕ್‌ಗಳು ಬಟ್ಟೆಯ ಮೂಲವನ್ನು ಹೇಳುತ್ತವೆ, ಅದರ ಮೇಲಿನ ರಾಸಾಯನಿಕವನ್ನಲ್ಲ.

ಸಂತೆಯಲ್ಲಿ ಕೊಂಡ ಅಂಗಿಗೆ ಯಾವ ಗುರುತೂ ಇರುವುದಿಲ್ಲ. ಅಂಚಿನಿಂದ ಒಂದೆರಡು ಎಳೆ ಕಿತ್ತು ಬೆಂಕಿಗೆ ಹಿಡಿದರೆ ನಾರು ಗೊತ್ತಾಗುತ್ತದೆ. ಹತ್ತಿ, ವಿಸ್ಕೋಸ್ ಕಾಗದ ಸುಟ್ಟ ವಾಸನೆ ಬಿಟ್ಟು ನವಿರು ಬೂದಿಯಾಗುತ್ತವೆ. ಉಣ್ಣೆ, ರೇಷ್ಮೆಗೆ ಕೂದಲು ಸುಟ್ಟ ನಾತ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಹನಿ ನೀರು ಬಿಟ್ಟು ಅದು ಇಂಗುತ್ತದೋ ಮೇಲೆಯೇ ನಿಲ್ಲುತ್ತದೋ ನೋಡಿದರೆ ಮೇಲಿನ ಲೇಪದ ಅಂದಾಜು ಸಿಗುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡುವುದು ಕಾಣುತ್ತದೆ. ಫಾರ್ಮಾಲ್ಡಿಹೈಡಿಗೆ ಮನೆಯಲ್ಲಿ ಪರೀಕ್ಷೆಯಿಲ್ಲ. ಹೊಸ ಬಟ್ಟೆಯಲ್ಲಿ ಕಣ್ಣು ಚುರುಗುಡಿಸುವ ಘಾಟು ಇದ್ದು, ಎರಡು ಒಗೆತದ ಮೇಲೂ ಹೋಗದಿದ್ದರೆ ಅದನ್ನು ಕೂಸಿಗೆ ತೊಡಿಸದೆ ಬೇರೆ ಕೆಲಸಕ್ಕೆ ಬಳಸುವುದು ಲೇಸು.